ಮೊದಲ ದೂರದರ್ಶಕ: ಹೊಸದೋ, ಬಳಸಿದ್ದೋ?

ಪ್ರಶ್ನೆ: ಮಗಳಿಗೆ ಶನಿಯ ಉಂಗುರಗಳನ್ನು ತೋರಿಸಲು 15,000 ರೂಪಾಯಿಯೊಳಗೆ ದೂರದರ್ಶಕವೊಂದನ್ನು ಕೊಳ್ಳಬೇಕೆಂದಿದ್ದೇನೆ. ಬೆಂಗಳೂರಿನಲ್ಲಿ ಒಬ್ಬರು ತಾವು ಬಳಸಿದ 130 ಮಿ.ಮೀ. ಕನ್ನಡಿಯ ದೂರದರ್ಶಕವನ್ನು ಮಾರುತ್ತಿದ್ದಾರೆ. ಅದೇ ಬೆಲೆಗೆ 70 ಮಿ.ಮೀ. ಮಸೂರದ ಹೊಸದೂ ಸಿಗುತ್ತದೆ. ಯಾವುದು ಒಳ್ಳೆಯದು?

ಉತ್ತರ 1: ಹಳೆಯದನ್ನೇ ನೋಡಿ ಬನ್ನಿ. ಅದು ಸುಮಾರು ಮೂರು ಪಟ್ಟು ಹೆಚ್ಚು ಬೆಳಕನ್ನು ಸಂಗ್ರಹಿಸುತ್ತದೆ. ಕನ್ನಡಿಯ ಮೇಲಿನ ತೆಳು ಧೂಳಿನಿಂದ ತೊಂದರೆಯಿಲ್ಲ. ಆದರೆ ಅಲ್ಯೂಮಿನಿಯಂ ಲೇಪನ ಮಂಕಾಗಿ ಅಂಚಿನಿಂದ ಏಳುತ್ತಿದ್ದರೆ ದಯವಿಟ್ಟು ಕೊಳ್ಳಬೇಡಿ. ಕನ್ನಡಿಗಳನ್ನು ಆಗಾಗ ಸರಿಹೊಂದಿಸಬೇಕಾಗುತ್ತದೆ, ಅದನ್ನು ಮಾರುವವರಿಂದಲೇ ಕಲಿತುಕೊಳ್ಳಿ.

ಉತ್ತರ 2: ಸ್ಟ್ಯಾಂಡನ್ನು ಮರೆಯಬೇಡಿ. ಕೊಳವೆಯನ್ನು ಮೆಲ್ಲನೆ ತಟ್ಟಿದಾಗ ಬಿಂಬದ ನಡುಕ ಒಂದೆರಡು ಸೆಕೆಂಡಿನಲ್ಲಿ ನಿಲ್ಲಬೇಕು. ಹೊಸದರ ಪೆಟ್ಟಿಗೆಯ ಮೇಲೆ 500 ಪಟ್ಟು ವರ್ಧನೆ ಎಂದಿದ್ದರೆ ನಂಬಬೇಡಿ, 70 ಮಿ.ಮೀ.ಗೆ 140 ಪಟ್ಟೇ ಮಿತಿ. ಉಂಗುರ ಕಾಣಲು 50 ಪಟ್ಟು ಸಾಕು.