ಸಹಾಯ ಬೇಕು: ಹೈಕೋರ್ಟ್ ರದ್ದು ಮಾಡಿದ ಕೇಸು ಪೊಲೀಸ್ ವೆರಿಫಿಕೇಶನ್‌ನಲ್ಲಿ ಇನ್ನೂ 'ಬಾಕಿ'

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ 23 ವರ್ಷದ ಹುಡುಗನೊಬ್ಬನ ಪರವಾಗಿ ಕೇಳುತ್ತಿದ್ದೇವೆ. ಅಕ್ಕಪಕ್ಕದ ಮನೆಯವರ ಜಗಳದಲ್ಲಿ ಐಪಿಸಿ 323 (ಗಾಯಪಡಿಸುವುದು), 324 (ಅಪಾಯಕಾರಿ ಆಯುಧದಿಂದ ಗಾಯಪಡಿಸುವುದು), 504ರಡಿ (ಬೇಕೆಂದೇ ಅವಮಾನಿಸಿ ಕೆಣಕುವುದು) ಎಫ್‌ಐಆರ್ ಆಗಿತ್ತು. 324 ರಾಜಿಯಾಗದ ಅಪರಾಧವಾದ್ದರಿಂದ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಮುಗಿಸಲು ಆಗಲಿಲ್ಲ. ಎರಡೂ ಕಡೆಯವರು ಜಂಟಿ ಅಫಿಡವಿಟ್ ಕೊಟ್ಟ ಮೇಲೆ ಹೈಕೋರ್ಟ್ ಸಿಆರ್‌ಪಿಸಿ 482ರಡಿ ಪ್ರಕರಣ ರದ್ದು ಮಾಡಿತು. (ಈಗ ಹಾಕುವ ಅರ್ಜಿಗಾದರೆ ಸಿಆರ್‌ಪಿಸಿ ಬದಲಿಗೆ ಬಂದಿರುವ ಬಿಎನ್‌ಎಸ್‌ಎಸ್‌ನ ಸೆಕ್ಷನ್ 528.)

ದಾಖಲೆಯನ್ನೇ ಅಳಿಸಿಹಾಕುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ, ಗೊತ್ತು. ಬಾಲನ್ಯಾಯ ಕಾಯ್ದೆ 2015ರ ದಾಖಲೆ ಅಳಿಸಲು ಅವಕಾಶ ಕೊಡುವ ಸೆಕ್ಷನ್ 24, ಘಟನೆ ನಡೆದಾಗ ಹದಿನೆಂಟು ತುಂಬದವರಿಗೆ ಮಾತ್ರ; ಇವನಿಗಾಗ 19. ನಾವು ಕೇಳುತ್ತಿರುವುದು ಅಳಿಸಲು ಅಲ್ಲ, 'ಬಾಕಿ' ಎನ್ನುವುದನ್ನು 'ರದ್ದಾಗಿದೆ' ಎಂದು ತಿದ್ದಲು.

ಆದೇಶದ ದೃಢೀಕೃತ ನಕಲನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆದಿದ್ದೇವೆ. ಕೋರ್ಟುಗಳ ಕೇಸಿನ ಸ್ಥಿತಿ ತೋರಿಸುವ ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾತ್ರ ಕೆಳ ಕೋರ್ಟಿನ ಕೇಸು ಇನ್ನೂ ಮುಕ್ತಾಯ ಕಂಡಿಲ್ಲ. ತೊಡಕು ಇಲ್ಲೇ ಇರಬೇಕು: ಆ ಕೆಳ ಕೋರ್ಟಿನಲ್ಲಿ ಮೆಮೊ (ಕೋರ್ಟಿಗೆ ಕೊಡುವ ಚಿಕ್ಕ ಲಿಖಿತ ಮನವಿ) ಹಾಕಿ ಕೇಸು ಮುಚ್ಚಿಸದಿದ್ದರೆ ಠಾಣೆಯವರೂ ಮುಂದಕ್ಕೆ ಹೋಗುವುದಿಲ್ಲ.

ಮೆಮೊ ಜೊತೆ ಏನೇನು ಲಗತ್ತಿಸಬೇಕು? ಕಮಿಷನರ್ ಕಚೇರಿಗೆ ಮನವಿ ಕೊಟ್ಟು ಸ್ವಲ್ಪ ಕಾಯುವುದೋ, ನೇರವಾಗಿ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಹಾಕುವುದೋ? ಇಂಥದ್ದು ನಡೆಸಿದ ವಕೀಲರು ದಯವಿಟ್ಟು ತಿಳಿಸಿ. ಕೆಲಸದ ಫಾರ್ಮ್‌ನಲ್ಲಿ ಕೇಸು ಮುಚ್ಚಿಡು ಎಂಬ ಸಲಹೆ ಮಾತ್ರ ಬೇಡ. ಸುಪ್ರೀಂ ಕೋರ್ಟಿನ 2016ರ ಅವತಾರ್ ಸಿಂಗ್ ತೀರ್ಪಿನ (ನೇಮಕಾತಿಯಲ್ಲಿ ಕೇಸಿನ ಮಾಹಿತಿ ಮುಚ್ಚಿಡುವ ಬಗ್ಗೆ ಕೊಟ್ಟದ್ದು) ನಂತರವೂ ಮಾಹಿತಿ ಮುಚ್ಚಿಟ್ಟದ್ದೇ ಕೆಲಸ ಕಳೆಯಲು ಕಾರಣವಾಗಬಹುದು. ಹುಡುಗನ ನೇಮಕಾತಿ ಇದಕ್ಕಾಗಿಯೇ ನಿಂತಿದೆ.