ಆಡಿಸುವುದು, ಕೂರಿಸುವುದು: ಔಟ್‌ಫೀಲ್ಡರ್‌ಗಳ ಬಗ್ಗೆ ಒಂದು ಮಾತು

ಆತ್ಮೀಯರೇ, ಅಟ್ಲಾಂಟಾದ ನಮ್ಮ ಕನ್ನಡಿಗರ ನಡುವೆ ಈಗ ಎರಡು ಮಾತು ನಡೆಯುತ್ತಿವೆ. ನಮ್ಮೂರಿನ ಬೇಸ್‌ಬಾಲ್ ತಂಡ ಬ್ರೇವ್ಸ್‌ನ ಔಟ್‌ಫೀಲ್ಡರ್‌ಗಳಲ್ಲಿ, ಅಂದರೆ ಮೈದಾನದ ಹೊರಭಾಗ ಕಾಯುವವರಲ್ಲಿ, ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು ಎಂಬುದು ಒಂದು. ತಮ್ಮ ಮಕ್ಕಳನ್ನು ಕೋಚ್ ಸದಾ ಚೆಂಡು ಕಡಿಮೆ ಬರುವ ರೈಟ್ ಫೀಲ್ಡ್‌ಗೇ (ಹೊರಮೈದಾನದ ಬಲಬದಿಗೇ) ಕಳಿಸುತ್ತಾರೆ ಎಂಬ ತಂದೆತಾಯಿಯರ ಕೊರಗು ಇನ್ನೊಂದು. ಆಟಗಾರನನ್ನು ಹೊರಗೆ ಕೂರಿಸಲು ಯಾವುದು ನ್ಯಾಯವಾದ ಕಾರಣ ಎಂಬ ಒಂದೇ ಪ್ರಶ್ನೆ ಎರಡರಲ್ಲೂ ಇದೆ ಎಂದು ನನಗೆ ತೋರುತ್ತದೆ.

2019ರ ಆಗಸ್ಟ್‌ನಲ್ಲಿ ಡಾಡ್ಜರ್ಸ್ ತಂಡದ ವಿರುದ್ಧ ಬ್ರೇವ್ಸ್‌ನ ಔಟ್‌ಫೀಲ್ಡರ್ ರೊನಾಲ್ಡ್ ಅಕೂನ್ಯ ಹೊಡೆದ ಚೆಂಡು ಬಲಗಡೆಯ ಗೋಡೆಗೆ ಬಡಿದು ಹಿಂದಕ್ಕೆ ಬಂತು. ಚೆಂಡು ಗೋಡೆ ದಾಟಿ ಹೋಮ್ ರನ್ ಆಯಿತೆಂದು ನಂಬಿ ನಿಧಾನವಾಗಿ ಹೆಜ್ಜೆ ಹಾಕಿದ್ದ ಅವರು, ಓಡುವವನು ಮುಟ್ಟಬೇಕಾದ ನಾಲ್ಕು ಬೇಸ್‌ಗಳಲ್ಲಿ ಮೊದಲನೆಯದರಲ್ಲೇ ನಿಲ್ಲಬೇಕಾಯಿತು. ಆ ಋತು ಮುಗಿಯುವ ಹೊತ್ತಿಗೆ 41 ಹೋಮ್ ರನ್ ಹೊಡೆದು 37 ಬೇಸ್ ಕದ್ದ (ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ ಸೇರಿದ) ಆಟಗಾರ ಅವರು; ಆ ಮುಲಾಜು ನೋಡದೆ ಆಗಿನ ಮ್ಯಾನೇಜರ್ ಬ್ರಯಾನ್ ಸ್ನಿಟ್ಕರ್, ಅಕೂನ್ಯರನ್ನು ಪಂದ್ಯದ ನಡುವೆಯೇ ಹೊರಗೆ ಕೂರಿಸಿದರು. 2025ರ ಏಪ್ರಿಲ್‌ನಲ್ಲಿ ಅದೇ ತಂಡದ ಇನ್ನೊಬ್ಬ ಔಟ್‌ಫೀಲ್ಡರ್ ಜ್ಯಾರೆಡ್ ಕೆಲೆನಿಕ್ ಹೆಚ್ಚುಕಡಿಮೆ ಇದನ್ನೇ ಮಾಡಿ ಎರಡನೆಯ ಬೇಸ್‌ನಲ್ಲಿ ಔಟಾದರು. ಆದರೂ ಅವರನ್ನು ಆಟದಿಂದ ತೆಗೆಯಲಿಲ್ಲ. ಮೊಣಕಾಲಿನ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿದ್ದ ಅಕೂನ್ಯ, ತಾನಾಗಿದ್ದರೆ ಹೊರಗೆ ಹಾಕುತ್ತಿದ್ದರು ಎಂದು ಎಲ್ಲರಿಗೂ ಕಾಣುವಂತೆ ಬರೆದರು. ಹಾಗೆ ಬರೆಯಬಾರದಿತ್ತು ಎನ್ನುವವರಿದ್ದಾರೆ, ಆದರೆ ನಾನು ಅಕೂನ್ಯ ಅವರ ಪರ. ಓಡದವನನ್ನು ಕೂರಿಸುವುದು ಸರಿಯಾದ ಶಿಸ್ತು. ಒಬ್ಬನಿಗೆ ಇರುವ ಶಿಸ್ತು ಇನ್ನೊಬ್ಬನಿಗೆ ಇಲ್ಲದಿದ್ದರೆ ಅದು ಮುಖ ನೋಡಿ ಮಣೆ ಹಾಕಿದಂತೆ. ಬ್ಯಾಟಿಂಗ್ ಕೈಕೊಟ್ಟಿದ್ದ ಕೆಲೆನಿಕ್‌ರನ್ನು ಆಮೇಲೆ ಬ್ರೇವ್ಸ್‌ನ ಕೆಳಹಂತದ ಗ್ವಿನೆಟ್ ತಂಡಕ್ಕೆ ಕಳಿಸಿದ್ದು ಬೇರೆ ವಿಷಯ. ಅದು ಸಾಧನೆಯ ಲೆಕ್ಕ, ಸಂಬಳ ಪಡೆದು ಆಡುವವರಿಗೆ ಆ ಲೆಕ್ಕ ಸಲ್ಲುತ್ತದೆ.

ಎಂಟು-ಒಂಬತ್ತು ವರ್ಷದ ಮಕ್ಕಳಿಗೆ ಅದು ಸಲ್ಲದು. ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟ್ಲ್ ಲೀಗ್‌ನ ನಿಯಮವೇ ಇದನ್ನು ಒಪ್ಪಿದೆ: ತಂಡದ ಪ್ರತಿಯೊಂದು ಮಗುವೂ ಪ್ರತಿ ಪಂದ್ಯದಲ್ಲಿ ಕನಿಷ್ಠ ಆರು ಔಟ್‌ಗಳಷ್ಟು ಹೊತ್ತು ಫೀಲ್ಡಿಂಗ್ ಮಾಡಬೇಕು, ಒಮ್ಮೆಯಾದರೂ ಬ್ಯಾಟ್ ಹಿಡಿಯಬೇಕು. ಇದಕ್ಕಿಂತ ಕಡಿಮೆ ಸಿಕ್ಕರೆ ಕೋಚ್‌ರನ್ನು ಕೇಳುವುದು ನಮ್ಮ ಹಕ್ಕು, ಸಂಕೋಚ ಬೇಡ. ಆದರೆ ರೈಟ್ ಫೀಲ್ಡ್ ಸಿಕ್ಕಿದ್ದಕ್ಕೆ ಮನೆಯಲ್ಲಿ ಮುಖ ಸಣ್ಣ ಮಾಡಿಕೊಂಡು, ಮಗುವಿನ ಎದುರಿಗೇ ಕೋಚ್‌ರನ್ನು ದೂರುವುದನ್ನು ನಾನು ಒಪ್ಪಲಾರೆ.

ಬಲಗೈ ಬ್ಯಾಟರ್‌ಗಳೇ ಹೆಚ್ಚಿರುವುದರಿಂದ, ಅವರ ಹೊಡೆತ ಸಾಮಾನ್ಯವಾಗಿ ಎಡಕ್ಕೆ ಹೋಗುವುದರಿಂದ, ಚಿಕ್ಕ ವಯಸ್ಸಿನ ಪಂದ್ಯಗಳಲ್ಲಿ ರೈಟ್ ಫೀಲ್ಡ್‌ಗೆ ಚೆಂಡು ಬರುವುದು ಕಡಿಮೆ ಎಂಬುದು ನಿಜ. ಹಾಗೆಂದು ಅಲ್ಲಿ ಕೆಲಸವಿಲ್ಲವೆಂದಲ್ಲ. ನೆಲದ ಮೇಲೆ ಉರುಳಿದ ಚೆಂಡನ್ನು ಶಾರ್ಟ್‌ಸ್ಟಾಪ್ (ಎರಡನೆಯ, ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಆಟಗಾರ) ಹಿಡಿದು ಮೊದಲ ಬೇಸ್‌ಗೆ ಎಸೆಯುವಾಗಲೆಲ್ಲ ರೈಟ್ ಫೀಲ್ಡರ್ ಆ ಬೇಸ್‌ನ ಹಿಂಬದಿಗೆ ಓಡಿಬರಬೇಕು; ಎಸೆತ ತಪ್ಪಿದರೆ ಎದುರಾಳಿ ಇನ್ನೊಂದು ಬೇಸ್ ಕಸಿಯದಂತೆ ತಡೆಯುವವನು ಅವನೇ. ಹತ್ತು ಸಲ ಓಡಿದರೆ ಒಂಬತ್ತು ಸಲ ಚೆಂಡು ಅವನವರೆಗೆ ಬರುವುದೇ ಇಲ್ಲ, ಗ್ಯಾಲರಿಯಲ್ಲಿ ಕುಳಿತ ನಾವೂ ಆ ಕಡೆ ನೋಡುವುದಿಲ್ಲ. ಎತ್ತರದಲ್ಲಿ ತಲೆಯ ಮೇಲಿಂದ ಹಾದುಹೋಗುವ ಚೆಂಡಿಗೂ ಹಾಗೆಯೇ: ಮೊದಲ ಹೆಜ್ಜೆ ಹಿಂದಕ್ಕೆ ಇಡಬೇಕು, ಮುಂದಕ್ಕೆ ನುಗ್ಗಿದವನಿಗೆ ಅದು ಸಿಗದು. ಕ್ಯಾಚ್ ಬಿಟ್ಟ ಮಗುವನ್ನು ಗದರುವ ಮುನ್ನ ಆ ಮೊದಲ ಹೆಜ್ಜೆ ಸರಿಯಿತ್ತೇ ಎಂದು ನೋಡಿ.

ಆದ್ದರಿಂದ ಪಂದ್ಯ ಮುಗಿದ ಮೇಲೆ ಕಾರಿನಲ್ಲಿ "ಎಷ್ಟು ಹಿಟ್ ಮಾಡಿದೆ?" ಎಂದು ಕೇಳುವ ಬದಲು "ಬೇಸ್‌ನ ಹಿಂದೆ ಎಷ್ಟು ಸಲ ಓಡಿದೆ ಪುಟ್ಟಾ?" ಎಂದು ಕೇಳಿ ನೋಡಿ. ಬೇಸಿಗೆಯಲ್ಲಿ ಗ್ವಿನೆಟ್ ತಂಡದ ಆಟಕ್ಕೆ ಮಕ್ಕಳನ್ನು ಲಾರೆನ್ಸ್‌ವಿಲ್‌ಗೆ ಕರೆದೊಯ್ಯುವವರು ಮೊದಲ ಬೇಸ್‌ನ ಬದಿಯಲ್ಲಿ ಜಾಗ ಹಿಡಿದು, ಒಂದೆರಡು ಇನಿಂಗ್ಸ್‌ನಲ್ಲಾದರೂ ಚೆಂಡನ್ನು ಬಿಟ್ಟು ರೈಟ್ ಫೀಲ್ಡರ್ ಒಬ್ಬನನ್ನೇ ಗಮನಿಸುವಂತೆ ಅವರಿಗೆ ಹೇಳಿ.