ರಂಗದಿಂದ ತೆರೆಗೆ ಬಂದ ತೆವಿಯೆ: ‘ಫಿಡ್ಲರ್ ಆನ್ ದಿ ರೂಫ್’ ಚಿತ್ರದ ಅಭಿನಯದ ಬಗ್ಗೆ

ನೇಪಥ್ಯ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಜಯಂತ ಕಾಯ್ಕಿಣಿಯವರ ‘ಜತೆಗಿರುವನು ಚಂದಿರ’ ನಾಟಕವನ್ನು ಕೆಲವು ವರ್ಷಗಳ ಹಿಂದೆ ನೋಡಿದ್ದೆ. ಮೂಲದಲ್ಲಿ ತ್ಸಾರ್ ಕಾಲದ ರಷ್ಯದಲ್ಲಿದ್ದ ಯಹೂದಿ ಹಾಲಿನವ ತೆವಿಯೆಯ ಸಂಸಾರವನ್ನು ದೇಶವಿಭಜನೆಯ ಕಾಲದ ಮುಸ್ಲಿಂ ಸಂಸಾರವಾಗಿ ಮಾರ್ಪಡಿಸಿದ ಆ ರೂಪಾಂತರ ನನ್ನನ್ನು ಬಹಳ ದಿನ ಕಾಡಿತ್ತು. ಅದರ ಮೂಲವಾದ ‘ಫಿಡ್ಲರ್ ಆನ್ ದಿ ರೂಫ್’ ಸಂಗೀತ ನಾಟಕವನ್ನು ಆಧರಿಸಿ ನಾರ್ಮನ್ ಜ್ಯೂಯಿಸನ್ 1971ರಲ್ಲಿ ಮಾಡಿದ ಚಲನಚಿತ್ರವನ್ನು ಕಳೆದ ವಾರ ಮೊದಲ ಸಲ ಪೂರ್ತಿಯಾಗಿ ನೋಡಿದೆ. ಮೂರು ಗಂಟೆ ಹೋದದ್ದೇ ತಿಳಿಯಲಿಲ್ಲ. ಆದರೂ ಎರಡು ಸಂದೇಹಗಳು ಉಳಿದಿವೆ.

ಮೊದಲನೆಯದು ಇದು. ರಂಗದ ಮೇಲೆ ನಾಯಕನು ಮುಂದೆ ಬಂದು ನಮ್ಮೊಡನೆ ಮಾತಾಡಿದಾಗ ನಾವು ಅವನ ನೆರೆಮನೆಯವರಾಗಿಬಿಡುತ್ತೇವೆ. ಅವನು ಹಾಡತೊಡಗಿದರೂ ಅದು ಸಹಜವೆನಿಸುತ್ತದೆ. ಚಿತ್ರದಲ್ಲಾದರೋ ನಿಜವಾದ ಕೆಸರು, ನಿಜವಾದ ಹಸು, ನಿಜವಾದ ಮರದ ಮನೆಗಳು ಕಾಣುತ್ತವೆ. ಅವುಗಳ ನಡುವೆ ಒಬ್ಬ ಮನುಷ್ಯ ಇದ್ದಕ್ಕಿದ್ದಂತೆ ಹಾಡತೊಡಗಿದಾಗ ನನಗೆ ಕೊಂಚ ಮುಜುಗರವಾಯಿತು. ಎರಡನೆಯದು, 1964ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ತೆವಿಯೆಯ ಪಾತ್ರವನ್ನು ಕಟ್ಟಿ ಬೆಳೆಸಿದವರು ಜೀರೋ ಮೊಸ್ಟೆಲ್. ಅವರ ಧ್ವನಿಮುದ್ರಿಕೆಯನ್ನು ಕೇಳಿದ ಮೇಲೆ ಚಿತ್ರದ ಟೊಪೋಲ್ ಅವರ ಅಭಿನಯ ಸ್ವಲ್ಪ ಬಿಗಿ ಹಿಡಿದಂತೆ ತೋರಿತು. ಹೆಂಡತಿ ಗೋಲ್ಡೆಯ ಪಾತ್ರಧಾರಿಯಂತೂ ತೀರಾ ಕಠಿಣವೆನಿಸಿದರು. ರಂಗಭೂಮಿಯನ್ನು ಬಲ್ಲವರು ದಯವಿಟ್ಟು ತಿಳಿಸಬೇಕು: ಈ ಪಾತ್ರವರ್ಗ ಮೂಲಕ್ಕೆ ನ್ಯಾಯ ಒದಗಿಸಿದೆಯೇ?

ಬಣ್ಣದಮನೆ

ತಮ್ಮ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಹವ್ಯಾಸಿ ತಂಡಗಳಲ್ಲಿ ಮೂರು ದಶಕ ಬಣ್ಣ ಹಚ್ಚಿದವನಾದ್ದರಿಂದ ನಟನ ಕಡೆಯಿಂದಲೇ ಉತ್ತರಿಸುತ್ತೇನೆ.

ಮೊಸ್ಟೆಲ್ ಅವರದು ರಂಗಮಂದಿರದ ಕೊನೆಯ ಸಾಲಿನವರೆಗೂ ಚಾಚಿಕೊಳ್ಳುವ ಅಭಿನಯ. ಧ್ವನಿಮುದ್ರಿಕೆಯಲ್ಲೇ ನೋಡಿ, ಸಿರಿವಂತನಾಗುವ ಕನಸಿನ ಹಾಡಿನಲ್ಲಿ ಅವರು ಕೋಳಿ, ಬಾತುಗಳ ಕೂಗನ್ನು ಎಷ್ಟು ಹಿಗ್ಗಿನಿಂದ ಹೊರಡಿಸುತ್ತಾರೆಂದರೆ ಇಡೀ ಅಂಗಳವೇ ಕಣ್ಣಮುಂದೆ ಬರುತ್ತದೆ. ಅದೇ ಹಿಗ್ಗು ಕ್ಯಾಮೆರಾದ ಎದುರಿನಲ್ಲಿ, ಮುಖವೊಂದೇ ಇಡೀ ತೆರೆಯನ್ನು ತುಂಬಿರುವಾಗ, ಅತಿಯಾಗುವ ಅಪಾಯವಿತ್ತು. ಜ್ಯೂಯಿಸನ್ ಅವರಿಗೆ ಮಣ್ಣಿಗಂಟಿದ ಮನುಷ್ಯನೊಬ್ಬ ಬೇಕಾಗಿದ್ದ. ಇಸ್ರೇಲಿನ ನಟ ಟೊಪೋಲ್ 1967ರಲ್ಲಿ ಲಂಡನ್ನಿನ ರಂಗಪ್ರಯೋಗದಲ್ಲಿ ಇದೇ ಪಾತ್ರ ಮಾಡಿ ಹೆಸರಾಗಿದ್ದರು. ಚಿತ್ರೀಕರಣದ ಕಾಲಕ್ಕೆ ಅವರಿಗೆ ಸುಮಾರು 35 ವರ್ಷ. ಮದುವೆಗೆ ಬಂದ ಹೆಣ್ಣುಮಕ್ಕಳ ತಂದೆಯಾಗುವ ವಯಸ್ಸೇ ಅಲ್ಲ. ಆದರೂ ಬಂಡಿಯ ಮೂಕಿ ಹಿಡಿದು ತಾವೇ ಎಳೆದುಕೊಂಡು ಬರುವಾಗ ಆ ಬೆನ್ನು, ಆ ಹೆಜ್ಜೆ ದಣಿದ ನಡುವಯಸ್ಸಿನವನದೇ. ತಾವು ಬಿಗಿ ಎಂದು ಕರೆದದ್ದನ್ನು ನಾನು ಹಿಡಿತ ಎನ್ನುತ್ತೇನೆ.

ಇನ್ನು ಸ್ವಗತದ ವಿಚಾರ. ಹಿರಿಯ ಮಗಳು ಜೈಟಲ್ ತಾನು ಬಡ ದರ್ಜಿ ಮೋಟಲ್‌ನನ್ನೇ ಮದುವೆಯಾಗುವೆನೆಂದಾಗ ತೆವಿಯೆ ‘ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ’ ಎಂದು ತನ್ನೊಳಗೇ ತೂಗಿ ನೋಡುತ್ತಾನಲ್ಲ, ಅಲ್ಲಿ ಏನಾಗುತ್ತದೆಂಬುದನ್ನು ದಯವಿಟ್ಟು ಮತ್ತೊಮ್ಮೆ ನೋಡಿ. ಒಂದು ಕ್ಷಣದ ಹಿಂದೆ ಪಕ್ಕದಲ್ಲೇ ನಿಂತಿದ್ದ ಆ ಜೋಡಿ ಮರುಕ್ಷಣವೇ ಬಲುದೂರದಲ್ಲಿ ಸಣ್ಣದಾಗಿ ಕಾಣುತ್ತದೆ. ಯಾರೂ ನಡೆದು ಹೋಗಿಲ್ಲ. ಅವನ ಮನಸ್ಸು ದೂರ ಸರಿದಿದೆ, ಅಷ್ಟೇ. ರಂಗದ ಮೇಲೆ ಬೆಳಕನ್ನು ಬದಲಿಸಿ, ನಟನನ್ನು ನಾಲ್ಕು ಹೆಜ್ಜೆ ಮುಂದೆ ತಂದು ಸಾಧಿಸುವುದನ್ನು ಇಲ್ಲಿ ದೂರದಿಂದಲೇ ಸಾಧಿಸಿದ್ದಾರೆ. ಮೂರನೆಯ ಮಗಳು ಖಾವಾ ಅನ್ಯಧರ್ಮೀಯನನ್ನು ಮದುವೆಯಾಗಿ ಬಂದು, ತಮ್ಮನ್ನು ಒಪ್ಪಿಕೊಳ್ಳಿರೆಂದು ಅಂಗಲಾಚುವ ದೃಶ್ಯದಲ್ಲಿಯೂ ಅವನು ಹಾಗೆಯೇ ತೂಗತೊಡಗುತ್ತಾನೆ. ಈ ಸಲ ಮಾತ್ರ ಇನ್ನೊಂದು ಕಡೆ ಎಂಬುದೇ ಅವನಿಗೆ ಸಿಕ್ಕುವುದಿಲ್ಲ. ಅಷ್ಟು ಹೊತ್ತು ತಗ್ಗಿದ ದನಿಯಲ್ಲೇ ಇದ್ದ ಟೊಪೋಲ್ ಅಲ್ಲಿ ಕೂಗುವ ‘ಇಲ್ಲ’ ನನ್ನ ಕಿವಿಯಲ್ಲಿ ಇಂದಿಗೂ ಇದೆ. ಮೊದಲಿನಿಂದಲೂ ಅಬ್ಬರಿಸುತ್ತ ಬಂದಿದ್ದರೆ ಆ ಕೂಗಿಗೆ ಬೆಲೆ ಬರುತ್ತಿರಲಿಲ್ಲ.

ಮಂದಾರ

ಗೋಲ್ಡೆಯ ಬಗ್ಗೆ ಹೇಳಿದ್ದನ್ನು ನಾನು ಒಪ್ಪಲಾರೆ. ಐದು ಹೆಣ್ಣುಮಕ್ಕಳು, ಕುಂಟುವ ಕುದುರೆ, ಸಂಜೆಯಾಗುವುದರೊಳಗೆ ಯಹೂದಿಗಳ ವಾರದ ವಿಶ್ರಾಂತಿದಿನವಾದ ಸಬ್ಬತ್ತಿನ ಸಿದ್ಧತೆ. ಇಷ್ಟನ್ನು ನಿಭಾಯಿಸುವ ಹೆಂಗಸು ಮೆತ್ತಗೆ ಮಾತಾಡುವುದಾದರೂ ಹೇಗೆ? ನಾರ್ಮಾ ಕ್ರೇನ್ ಆ ಒರಟುತನವನ್ನು ಮರೆಮಾಚಲು ಹೋಗಿಲ್ಲ, ಅದೇ ಅವರ ದೊಡ್ಡತನ. ಇಪ್ಪತ್ತೈದು ವರ್ಷಗಳ ದಾಂಪತ್ಯದ ನಂತರ ಗಂಡ ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಕೇಳುವ ಹಾಡಿನಲ್ಲಿ ಅವರು ಮೊದಲು ರೇಗುತ್ತಾರೆ, ಆಮೇಲೆ ತಾನು ಒಗೆದ ಬಟ್ಟೆಯನ್ನೂ ಬೇಯಿಸಿದ ಅಡುಗೆಯನ್ನೂ ಲೆಕ್ಕಕ್ಕೆ ತರುತ್ತಾರೆ, ಕೊನೆಯಲ್ಲಿ ಆ ಲೆಕ್ಕವೇ ಉತ್ತರವೆಂದು ತಮಗೇ ಹೊಳೆದವರಂತೆ ಒಂದು ಗಳಿಗೆ ಸುಮ್ಮನಾಗುತ್ತಾರೆ. ನಮ್ಮ ಅಜ್ಜಿ ಅಜ್ಜನನ್ನು ಒಮ್ಮೆಯೂ ಹೆಸರು ಹಿಡಿದು ಕರೆದವರಲ್ಲ. ಅವರ ಊಟದ ತಟ್ಟೆಯನ್ನು ಮಾತ್ರ ಬೇರೆ ಯಾರಿಗೂ ಬಡಿಸಲು ಬಿಡುತ್ತಿರಲಿಲ್ಲ. ಆ ಹಾಡನ್ನು ನೋಡಿದಾಗಲೆಲ್ಲ ನನಗೆ ಅವರೇ ನೆನಪಾಗುತ್ತಾರೆ. ಚಿತ್ರೀಕರಣದ ಸಮಯದಲ್ಲಿ ಕ್ರೇನ್ ಕ್ಯಾನ್ಸರಿನಿಂದ ಬಳಲುತ್ತಿದ್ದರು, 1973ರಲ್ಲಿ ತೀರಿಕೊಂಡರು. ಇದನ್ನು ತಿಳಿದ ಮೇಲೆ ಅವರ ಕಾಠಿಣ್ಯವನ್ನು ದೋಷವೆಂದು ಎಣಿಸಲು ನನಗೆ ಮನಸ್ಸೇ ಬರುವುದಿಲ್ಲ.

ತುಂಗಾತೀರ

ಮೊದಲನೆಯ ಸಂದೇಹದ ಮಟ್ಟಿಗೆ ನಾನು ಪ್ರಶ್ನೆ ಕೇಳಿದವರ ಪಕ್ಷ. ಇಡೀ ಊರನ್ನು ಅಂದಿನ ಯುಗೊಸ್ಲಾವಿಯದ ಹಳ್ಳಿಗಳಲ್ಲಿ ಚಿತ್ರೀಕರಿಸಿದ್ದರಿಂದ ಕಥೆಯ ಕೊನೆಯ ಭಾಗಕ್ಕೆ, ತ್ಸಾರ್‌ನ ಆಜ್ಞೆಯಿಂದ ಜನ ಮನೆಮಾರು ಬಿಟ್ಟು ಹೊರಡುವ ದೃಶ್ಯಗಳಿಗೆ, ರಂಗದ ಮೇಲೆ ಎಂದೂ ಸಿಗದ ತೂಕ ಬಂದಿದೆ. ಛಾಯಾಗ್ರಾಹಕ ಓಸ್ವಾಲ್ಡ್ ಮಾರಿಸ್ ಮಸೂರದ ಮೇಲೆ ಹೆಂಗಸರ ಕಾಲುಚೀಲದ ತೆಳು ನೈಲಾನ್ ಬಟ್ಟೆಯನ್ನು ಹೊದಿಸಿ ಚಿತ್ರಕ್ಕೆ ಆ ಮಣ್ಣಿನ ಬಣ್ಣವನ್ನು ತಂದರು. ಅವರಿಗೆ ಆಸ್ಕರ್ ಬಂದದ್ದು ನ್ಯಾಯವೇ. ಆದರೆ ಈ ವಾಸ್ತವಿಕತೆಗೆ ತೆತ್ತ ಬೆಲೆಯೂ ಇದೆ. ಕ್ರಾಂತಿಕಾರಿ ಪೆರ್ಚಿಕ್‌ಗೆ ನಾಟಕದಲ್ಲಿ ತನ್ನ ಪ್ರೇಮವನ್ನು ಹೇಳಿಕೊಳ್ಳುವ ಒಂದು ಹಾಡಿದೆ. ಚಿತ್ರದಲ್ಲಿ ಅದನ್ನು ತೆಗೆದುಹಾಕಿ, ಕೀವ್ ನಗರದ ಸಭೆಯ ಮೇಲೆ ಕುದುರೆ ಸವಾರರು ನುಗ್ಗುವ ಒಂದು ದೃಶ್ಯವನ್ನು ಸೇರಿಸಿದ್ದಾರೆ. ಪೆರ್ಚಿಕ್ ಪಾತ್ರದ ಮೈಕಲ್ ಗ್ಲೇಸರ್ ಕಣ್ಣುಗಳಲ್ಲಿ ಕಿಡಿ ಇರುವ ನಟ, ಆದರೆ ಅವರ ಪ್ರೇಮ ನಮಗೆ ಅರ್ಧದಷ್ಟೇ ತಲುಪುತ್ತದೆ. ಹೀಗಾಗಿ ಪೆರ್ಚಿಕ್‌ನನ್ನು ಪ್ರೀತಿಸಿದ ಎರಡನೆಯ ಮಗಳು ಹೋಡಲ್ ಹಿಮದ ನಡುವಿನ ರೈಲು ನಿಲುಗಡೆಯಲ್ಲಿ ತಂದೆಯನ್ನು ಬಿಟ್ಟು, ಅವನು ಗಡೀಪಾರಾದ ಸೈಬೀರಿಯಕ್ಕೆ ಹೊರಟಾಗ ಆ ದೃಶ್ಯದ ಭಾರವನ್ನೆಲ್ಲ ಹೋಡಲ್ ಪಾತ್ರದ ಮಿಶೆಲ್ ಮಾರ್ಷ್ ಒಬ್ಬರೇ ಹೊರಬೇಕಾಗುತ್ತದೆ. ಅವರು ಹೊತ್ತಿದ್ದಾರೆ ಎಂಬುದು ಬೇರೆ ಮಾತು.

ಯಾರೂ ಹೆಸರಿಸದೆ ಬಿಟ್ಟ ಲೆನರ್ಡ್ ಫ್ರೈ ಅವರ ಬಗ್ಗೆಯೂ ಹೇಳಬೇಕು. ಬ್ರಾಡ್‌ವೇಯಲ್ಲಿ ರಬ್ಬಿಯ, ಎಂದರೆ ಯಹೂದಿ ಧರ್ಮಗುರುವಿನ, ಮಗನ ಸಣ್ಣ ಪಾತ್ರದಲ್ಲಿದ್ದ ಇವರು ಚಿತ್ರದಲ್ಲಿ ದರ್ಜಿ ಮೋಟಲ್ ಆದರು, ಆಸ್ಕರ್ ನಾಮನಿರ್ದೇಶನವನ್ನೂ ಪಡೆದರು. ಮಾತು ತೊದಲುವ ಆ ಬಡಪಾಯಿ, ‘ಬಡ ದರ್ಜಿಗೂ ಒಂದಿಷ್ಟು ಸುಖದ ಹಕ್ಕಿದೆ’ ಎಂದು ಮಾವನಾಗುವವನ ಎದುರು ದನಿಯೆತ್ತುತ್ತಾನಲ್ಲ, ಆ ಧೈರ್ಯಕ್ಕೆ ಅವನೇ ಮೊದಲು ಬೆಚ್ಚಿಬೀಳುತ್ತಾನೆ. ಆಮೇಲೆ ಅವನು ಕಾಡಿನಲ್ಲಿ ಹಾಡುತ್ತ ಓಡಿದಾಗ ನನಗಂತೂ ಯಾವ ಮುಜುಗರವೂ ಆಗಲಿಲ್ಲ. ಮಾತು ಸಾಲದೆ ಹೋದಾಗ ಹಾಡು ಹುಟ್ಟುವುದನ್ನು ಆ ನಟ ಮೈಯಿಂದಲೇ ತೋರಿಸಿದ್ದಾರೆ.

ನೇಪಥ್ಯ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ರಾತ್ರಿ ಖಾವಾಳ ದೃಶ್ಯವನ್ನೂ ಚಿತ್ರದ ಕೊನೆಯ ಇಪ್ಪತ್ತು ನಿಮಿಷಗಳನ್ನೂ ಮತ್ತೆ ನೋಡಿದೆ. ಗೋಲ್ಡೆಯ ಬಗ್ಗೆ ನಾನು ಆತುರಪಟ್ಟೆ ಎಂದು ಈಗ ಅನಿಸುತ್ತಿದೆ. ಮನೆ ಖಾಲಿ ಮಾಡಿ ಹೊರಡುವಾಗ ಖಾವಾ ದೂರದಲ್ಲಿ ನಿಂತು ವಿದಾಯ ಹೇಳಲು ಬರುತ್ತಾಳೆ. ತೆವಿಯೆ ಅವಳೊಡನೆ ಮಾತಾಡುವುದಿಲ್ಲ, ಸಾಮಾನು ಕಟ್ಟುತ್ತಲೇ ಇರುತ್ತಾನೆ. ನಂತರ ದೇವರು ಜೊತೆಗಿರಲಿ ಎಂಬ ಹಾರೈಕೆಯನ್ನು ತುಟಿಯೊಳಗೇ ಗೊಣಗುತ್ತಾನೆ. ಹಿರಿಯ ಮಗಳು ಅದನ್ನು ತಂಗಿಗೆ ಕೂಗಿ ದಾಟಿಸುತ್ತಾಳೆ. ರಂಗದ ಮೇಲಾದರೆ ಕೊನೆಯ ಸಾಲಿನವರಿಗೂ ಆ ಗೊಣಗು ಕೇಳಿಸಲೇಬೇಕು, ಹಾಗಾಗಿ ಅದನ್ನು ಸ್ವಲ್ಪವಾದರೂ ಎತ್ತಿ ಹೇಳಬೇಕಾಗುತ್ತದೆ. ಇಲ್ಲಿ ಟೊಪೋಲ್ ಅದನ್ನು ತಮ್ಮ ಗಡ್ಡಕ್ಕೆ ಹೇಳಿಕೊಂಡಷ್ಟು ಸಣ್ಣದಾಗಿ ಹೇಳಿದರೂ ನನಗೆ ಸ್ಪಷ್ಟವಾಗಿ ಕೇಳಿಸಿತು. ಈ ವಾರಾಂತ್ಯದಲ್ಲಿ ಲೆನರ್ಡ್ ಫ್ರೈ ಅವರಿಗಾಗಿಯೇ ಮೊದಲರ್ಧವನ್ನು ಇನ್ನೊಮ್ಮೆ ನೋಡುತ್ತೇನೆ.